ಬಾಳೆಯ ಪೂಂಬೆಗೆ ಬಂದ ಉದ್ದ ಕೊಕ್ಕಿನವನು

ಕಾಸರಗೋಡಿನ ಮುಳ್ಳೇರಿಯ ಕಡೆಯ ತೋಟದವರೊಬ್ಬರು ಮೊನ್ನೆ ವಾಟ್ಸಾಪಿನಲ್ಲಿ ಒಂದು ಮಸುಕು ಫೋಟೋ ಕಳಿಸಿದ್ದರು. ‘ಇದು ಹಮ್ಮಿಂಗ್‌ಬರ್ಡ್ ಅಲ್ವಾ?’ ಹಕ್ಕಿ ಗಣತಿಯ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸತಲ್ಲ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಮುಸ್ಸಂಜೆಗೆ ಹೂವಿನ ಮುಂದೆ ನಿಂತಲ್ಲೇ ಹಾರುತ್ತಾ ಜೇನು ಹೀರುವುದನ್ನು ಕಂಡರೆ, ಅದು ಬಹುಶಃ ಪತಂಗ. ನಮ್ಮ ಸೂರಕ್ಕಿಗಳು ಹೆಚ್ಚಾಗಿ ಕೂತೇ ಕುಡಿಯುತ್ತವೆ.

ಫೋಟೋದಲ್ಲಿ ಇದ್ದದ್ದು ಸೂರಕ್ಕಿಯ ದಾಯಾದಿ, ಲಿಟಲ್ ಸ್ಪೈಡರ್‌ಹಂಟರ್. ಹೆಸರಿಗಷ್ಟೇ ಲಿಟಲ್. ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ ಸುಮಾರು 10 ಸೆಂಟಿಮೀಟರ್ ಇದ್ದರೆ, ಇದು 15ರ ಹತ್ತಿರ. ಬೆನ್ನು ಮಂಕು ಹಸಿರು, ಹೊಟ್ಟೆ ಹಳದಿ. ಗಂಡಿಗೂ ಮಿರುಗುವ ಬಣ್ಣವಿಲ್ಲ. ಹಾಗಾಗಿ ಹೆಚ್ಚಿನವರು ಇದನ್ನು ಹೆಣ್ಣು ಸೂರಕ್ಕಿ ಅಂತ ಬಿಟ್ಟುಬಿಡುತ್ತಾರೆ.

ನಾನೂ ಬಿಟ್ಟವನೇ. ಶುರುವಿನಲ್ಲಿ ಉದ್ದ ಬಾಗಿದ ಕೊಕ್ಕು ಕಂಡರೆ ಸಾಕು, ‘ಲೋಟನ್ಸ್ ಸೂರಕ್ಕಿ, ಹೆಣ್ಣು’ ಅಂತ ಬರೆದುಕೊಳ್ಳುತ್ತಿದ್ದೆ. ಅದರ ಕೊಕ್ಕೂ ಉದ್ದವೇ. ಆದರೆ ಅದಕ್ಕೆ ಗಂಟಲಿನಿಂದ ಹೊಟ್ಟೆಯವರೆಗೆ ಒಂದೇ ಮಾಸಲು ಹಳದಿ. ಸ್ಪೈಡರ್‌ಹಂಟರಿನ ಗಂಟಲು ಬೂದು ಬಿಳಿ, ಹಳದಿ ಶುರುವಾಗುವುದು ಅದರ ಕೆಳಗೆ. ಕೊಕ್ಕು ಬುಡದಲ್ಲಿ ದಪ್ಪ, ತಲೆಯ ಎರಡು ಪಟ್ಟು ಉದ್ದ. ತೋಟದ ನೆರಳಿನಲ್ಲಿ ಇದೆಲ್ಲ ಕಾಣುವುದು ಕಷ್ಟ ಅನ್ನಿ. ಆಗ ಕಿವಿಯೇ ಗತಿ. ಹಾರುವಾಗ ಚಿಕ್ ಚಿಕ್ ಅಂತ ಚುಚ್ಚುವ ಹಾಗೆ ಕೂಗುತ್ತದೆ.

ಜಾಗವೂ ಗುರುತು ಹೇಳುತ್ತದೆ. ಇದು ತೇವದ ಕಾಡಿನ ಹಕ್ಕಿ. ರಾಣಿಪುರದಂಥ ಬೆಟ್ಟಗಳ ಮಗ್ಗುಲು, ಕಾಡುಬಾಳೆ ಬೆಳೆಯುವ ತೋಡಿನ ಬದಿ, ಬಂದಳಿಕೆ ಹಿಡಿದ ಮರಗಳು ಇದರ ತಾಣ. ಕಾಡಿಗೆ ತಾಗಿಕೊಂಡಿರುವ ಅಡಿಕೆ ತೋಟದಲ್ಲಿ ಬಾಳೆ ಇದ್ದರೆ ಅಲ್ಲಿಗೂ ಇಳಿದು ಬರುತ್ತದೆ. ಪೂಂಬೆಗೆ, ಅಂದರೆ ಬಾಳೆಯ ಹೂವಿಗೆ, ಜೋತುಬಿದ್ದು ಜೇನು ಕುಡಿಯುತ್ತದೆ, ಹಣೆಗೆ ಪರಾಗ ಮೆತ್ತಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತದೆ. ಜೇಡವನ್ನೂ ತಿನ್ನುತ್ತದೆ, ಅದೇ ಜೇಡನ ನೂಲಿನಲ್ಲಿ ಗೂಡನ್ನೂ ಹೊಲಿಯುತ್ತದೆ. ಎಲ್ಲಿ ಗೊತ್ತಾ? ಬಾಳೆ ಎಲೆಯ ಅಡಿಯಲ್ಲಿ! ಮಳೆಗೆ ಎಲೆಯೇ ಮಾಡು. ಊಟಕ್ಕೆ ಎಲೆ ಕೊಯ್ಯುವಾಗ ಒಮ್ಮೆ ಅಡಿಗೆ ಕಣ್ಣು ಹಾಯಿಸಿ, ಎರಡು ಮೊಟ್ಟೆ ಇರಲೂಬಹುದು.

ಫೋಟೋ ಕಳಿಸುವವರಲ್ಲಿ ಒಂದು ಬೇಡಿಕೆ. ಆದಷ್ಟು ಪಕ್ಕದಿಂದ ತೆಗೆಯಿರಿ, ಕೊಕ್ಕು ಗಂಟಲು ಎರಡೂ ಕಾಣಲಿ. ಯಾವ ಗಿಡದಲ್ಲಿ ಕೂತಿತ್ತು ಅಂತಲೂ ಬರೆಯಿರಿ. ಮುಳ್ಳೇರಿಯದವರು ಬರೆದಿರಲಿಲ್ಲ. ಫೋಟೋದ ಮೂಲೆಯಲ್ಲಿ ಪೂಂಬೆಯ ತುದಿ ಕಂಡದ್ದರಿಂದ ನಾನು ಬಚಾವಾದೆ.