ಕುಕ್ಕರಿನ ಮೇಲಿರುವ ಆ ಐಎಸ್‌ಐ ಗುರುತು: ಬಂದದ್ದು ಯಾವಾಗ, ಕಡ್ಡಾಯವಾದದ್ದು ಯಾವಾಗ?

ನಮ್ಮ ಅಜ್ಜಿ ಮನೆಯ ಅಡುಗೆಮನೆ ಚಾವಣಿಯಲ್ಲಿ ಒಂದು ಹಳದಿ ಕಲೆ ಇತ್ತು. ಎಷ್ಟು ಸಲ ಸುಣ್ಣ ಬಳಿದರೂ ಆರು ತಿಂಗಳಿಗೆ ಮತ್ತೆ ಎದ್ದು ಕಾಣುತ್ತಿತ್ತು. ತೊಗರಿಬೇಳೆಯ ಕಲೆ ಅದು. ಕುಕ್ಕರ್ ಸಿಡಿದ ಹೊತ್ತಿಗೆ ಅಜ್ಜಿ ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದರು, ಹಾಗಾಗಿ ಬಚಾವಾದರು. ಮುಚ್ಚಳ ಮೇಲೆ ಬಡಿದು, ವಾಪಸ್ ಬಿದ್ದು, ಸ್ಟವ್ ಪಕ್ಕದ ಕಡಪ ಕಲ್ಲಿನ ಒಂದು ಮೂಲೆಯನ್ನೇ ಒಡೆದಿತ್ತು.

ಕುಕ್ಕರ್ ಕಳಪೆಯದಲ್ಲ. ಒಳ್ಳೆಯ ಅಂಗಡಿಯಲ್ಲಿ ಬಿಲ್ ಸಮೇತ ತಂದದ್ದು. ಅದರ ಮೇಲೆ ಐಎಸ್‌ಐ ಗುರುತೂ ಇತ್ತು. ಆದರೆ ಸೇಫ್ಟಿ ವಾಲ್ವ್ ಹೋದಾಗ, ಸೈಕಲ್ ಮೇಲೆ ಕೂಗಿಕೊಂಡು ಬರುವ ರಿಪೇರಿಯವರ ಹತ್ತಿರ ಹತ್ತೋ ಹದಿನೈದೋ ರೂಪಾಯಿಯ ಒಂದು ವಾಲ್ವ್ ಹಾಕಿಸಿದ್ದರು. ಅದಕ್ಕೆ ಯಾವ ಗುರುತೂ ಇರಲಿಲ್ಲ. ಇರಬೇಕು ಅನ್ನೋದು ಯಾರಿಗೂ ಹೊಳೆದಿರಲೂ ಇಲ್ಲ.

ಈಗ ಸೀಲಿಂಗ್ ಫ್ಯಾನಿಗೆ ಗುರುತು ಕಡ್ಡಾಯ, ಸ್ಟೀಲ್ ಪಾತ್ರೆಗೆ ಕಡ್ಡಾಯ, ಕುರ್ಚಿ ಮಂಚಕ್ಕೂ ಆದೇಶ ಬಂದಿದೆ ಅನ್ನುವ ಸುದ್ದಿ ಓದುವಾಗೆಲ್ಲ ನನಗೆ ಆ ಕಲೆ ನೆನಪಾಗುತ್ತದೆ. ಆ ಗುರುತು ಎಲ್ಲಿಂದ ಬಂತು, ಯಾವುದನ್ನು ನೋಡುತ್ತದೆ, ಯಾವುದನ್ನು ನೋಡದೆ ಬಿಡುತ್ತದೆ ಅಂತ ತಿಳಿದುಕೊಳ್ಳಬೇಕು ಅನಿಸಿದ್ದು ಅದರಿಂದಲೇ.

ಭಾರತೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಐ, ಹುಟ್ಟಿದ್ದು 1947ರ ಜನವರಿ 6ರಂದು. ಸ್ವಾತಂತ್ರ್ಯ ಬರಲು ಇನ್ನೂ ಏಳು ತಿಂಗಳು ಇತ್ತು. ಲಾಲ್ ಚಂದ್ ವರ್ಮನ್ ಅದರ ಮೊದಲ ನಿರ್ದೇಶಕರು. ಹೊಸ ದೇಶಕ್ಕೆ ಸಿಮೆಂಟ್, ಉಕ್ಕು, ತೂಕ, ಅಳತೆ ಎಲ್ಲಕ್ಕೂ ನಿಯಮ ಬೇಕಿತ್ತು. ಆದರೆ ಐಎಸ್ 1, ಅಂದರೆ ನಮ್ಮ ಮೊಟ್ಟಮೊದಲ ಮಾನದಂಡ, ಬರೆದದ್ದು ಇವು ಯಾವುದಕ್ಕೂ ಅಲ್ಲ, ರಾಷ್ಟ್ರಧ್ವಜಕ್ಕೆ. ಅದು ಬಂದದ್ದು 1951ರಲ್ಲಿ. ಬಟ್ಟೆ ಹೇಗಿರಬೇಕು, ಬಣ್ಣ ಬಿಸಿಲಿಗೆ ಎಷ್ಟು ತಡೆಯಬೇಕು, ಹೊಲಿಗೆ ಹೇಗಿರಬೇಕು ಅಂತೆಲ್ಲ ಅದರಲ್ಲಿದೆ. ಇವತ್ತಿಗೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳು ಅದೇ ಮಾನದಂಡ ಹಿಡಿದು ಕೆಲಸ ಮಾಡುತ್ತಾರೆ. 6 ಇಂಚಿಗೆ 4 ಇಂಚಿನ ಪುಟ್ಟ ಧ್ವಜದಿಂದ ಹಿಡಿದು 21 ಅಡಿಗೆ 14 ಅಡಿಯದರವರೆಗೆ ಒಂಬತ್ತು ಅಳತೆ. ಒಂದು ವಸ್ತು ಮಳೆ ಬಿಸಿಲಿಗೆ ಬಾಳಿಕೆ ಬರಬೇಕು ಅನ್ನುವ ಮಾತು ನಮ್ಮ ಮೊದಲ ಮಾನದಂಡದಲ್ಲೇ ಇತ್ತು ಅನ್ನೋದು ನನಗೆ ತುಂಬಾ ಹಿಡಿಸಿದ ವಿಷಯ.

1952ರಲ್ಲಿ ಗುರುತಿನ ಕಾನೂನು ಬಂತು. ಆ ದಶಕದ ಮಧ್ಯದಲ್ಲಿ ಕಾರ್ಖಾನೆಗಳಿಗೆ ಲೈಸೆನ್ಸ್ ಕೊಡಲು ಶುರು ಮಾಡಿದರು. ಅಧಿಕಾರಿಗಳು ಬಂದು ಕಾರ್ಖಾನೆ ನೋಡುತ್ತಾರೆ, ಮಾಲನ್ನು ಲ್ಯಾಬಿಗೆ ಕಳಿಸುತ್ತಾರೆ, ಪಾಸಾದರೆ ಗುರುತು ಹಾಕಿಕೊಳ್ಳಬಹುದು. ಆಮೇಲೂ ಆಗಾಗ ಅಂಗಡಿಯಿಂದ ಮಾಲು ತಂದು ಪರೀಕ್ಷೆ ಮಾಡುತ್ತಾರೆ. ಆದರೆ ಇಲ್ಲಿ ಒಂದು ದೊಡ್ಡ ‘ಆದರೆ’ ಇದೆ. ಬಹುಪಾಲು ವಸ್ತುಗಳಿಗೆ ಇದು ಇಷ್ಟವಿದ್ದವರಿಗೆ ಮಾತ್ರ. ಬೇಕಿದ್ದರೆ ಗುರುತು ಪಡೆಯಿರಿ, ಬೇಡದಿದ್ದರೆ ಹಾಗೇ ಮಾರಿ. ಸುಳ್ಳು ಗುರುತು ಹಾಕುವುದು ತಪ್ಪಾಗಿತ್ತೇ ಹೊರತು ಗುರುತಿಲ್ಲದೆ ಮಾರುವುದು ತಪ್ಪಾಗಿರಲಿಲ್ಲ. 1986ರ ಕಾನೂನಿನ ಮೇರೆಗೆ 1987ರ ಏಪ್ರಿಲ್‌ನಲ್ಲಿ ಐಎಸ್‌ಐ ಹೋಗಿ ಅದರ ಜಾಗಕ್ಕೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಬಂತು. ಸಂಸ್ಥೆಯ ಹೆಸರು ಬದಲಾದರೂ ಗುರುತಿನೊಳಗೆ ಐಎಸ್‌ಐ ಅನ್ನುವ ಅಕ್ಷರಗಳು ಹಾಗೇ ಉಳಿದವು, ಯಾಕೆಂದರೆ ಜನ ಅಷ್ಟು ಹೊತ್ತಿಗೆ ಅದನ್ನೇ ನಂಬಿಕೊಂಡಿದ್ದರು.

ಇನ್ನು ಕುಕ್ಕರ್ ಕಥೆಗೆ ಬರೋಣ. ಪ್ರೆಸ್ಟೀಜ್ ಕುಕ್ಕರ್ ಬೆಂಗಳೂರಿನಲ್ಲಿ ತಯಾರಾಗಲು ಶುರುವಾದದ್ದು 1959ರಲ್ಲಿ, ದೂರವಾಣಿನಗರದ ಕಾರ್ಖಾನೆಯಲ್ಲಿ. ಹಾಕಿನ್ಸ್ ಕಂಪನಿಯೂ ಅದೇ ವರ್ಷದ್ದು. ಕುಕ್ಕರಿನ ಒಳಗೆ ಏನಾಗುತ್ತದೆ ಅಂತ ಒಮ್ಮೆ ನೋಡಿ. ಹಬೆ ಹೊರಗೆ ಹೋಗದಂತೆ ಗ್ಯಾಸ್ಕೆಟ್ ಹಿಡಿದಿಡುತ್ತದೆ. ಒತ್ತಡ ಹೊರಗಿನದಕ್ಕಿಂತ ಒಂದು ಪಟ್ಟು ಹೆಚ್ಚಾದಾಗ ನೀರು 100ಕ್ಕೆ ಕುದಿಯುವ ಬದಲು 120 ಡಿಗ್ರಿ ಹತ್ತಿರ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ. ಒತ್ತಡ ಇನ್ನೂ ಏರಿದರೆ ಮೇಲಿನ ವೆಯ್ಟ್ ಎದ್ದು ವಿಷಲ್ ಹೊಡೆಯುತ್ತದೆ. ಆ ದಾರಿಗೆ ಅನ್ನದ ಅಗುಳೋ ಬೇಳೆ ಸಿಪ್ಪೆಯೋ ಸಿಕ್ಕಿಕೊಂಡು ಮುಚ್ಚಿಹೋದರೆ? ಆಗ ಸೇಫ್ಟಿ ವಾಲ್ವಿನ ಸರದಿ. ಅದರ ಮಧ್ಯದಲ್ಲಿ ಕಡಿಮೆ ಶಾಖಕ್ಕೆ ಕರಗುವ ಒಂದು ಲೋಹದ ತುಣುಕು ಇರುತ್ತದೆ. ಶಾಖ ಮಿತಿ ಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಸಾರು ಹಾಳಾಗುತ್ತದೆ, ಮನುಷ್ಯರು ಉಳಿಯುತ್ತಾರೆ. ಆ ಪುಟ್ಟ ತುಣುಕಿನ ಬದಲು ಯಾರೋ ಕರಗದ ಲೋಹ ಹಾಕಿ ಮಾರಿದರೆ, ಕುಕ್ಕರ್ ಎಷ್ಟೇ ಒಳ್ಳೆಯದಾಗಿದ್ದರೂ ಕಥೆ ಮುಗಿಯಿತು.

ಟಿ.ಟಿ. ಜಗನ್ನಾಥನ್ ಪ್ರೆಸ್ಟೀಜ್ ಕಂಪನಿ ನಡೆಸುತ್ತಿದ್ದ ಕಾಲದಲ್ಲಿ ಉತ್ತರ ಭಾರತದಲ್ಲಿ ಇವರ ಕುಕ್ಕರ್‌ಗಳು ಸಿಡಿಯುತ್ತಿವೆ ಅಂತ ದೂರು ಬಂತು. ಹೋಗಿ ನೋಡಿದರೆ ಅದೇ ಕಥೆ. ಕುಕ್ಕರ್ ಇವರದು, ವಾಲ್ವ್ ಮಾತ್ರ ನಕಲಿ. ಇದನ್ನು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ. ‘ನಕಲಿ ವಾಲ್ವ್ ಹಾಕಿದ್ದು ನೀವು, ತಪ್ಪು ನಿಮ್ಮದು’ ಅಂತ ಕೈ ತೊಳೆದುಕೊಳ್ಳಬಹುದಿತ್ತು. ಅದರ ಬದಲು ಮುಚ್ಚಳದ ಅಂಚಿನಲ್ಲಿ ಒಂದು ಉದ್ದನೆಯ ಸೀಳು ಕೊಟ್ಟರು. ಒಳಗೆ ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಗೆ ಉಬ್ಬಿ ಹಬೆಯನ್ನು ಬಿಟ್ಟುಬಿಡುತ್ತದೆ. ವಾಲ್ವ್ ಅಸಲಿಯೋ ನಕಲಿಯೋ, ಮುಚ್ಚಳ ಹಾರುವ ಮೊದಲು ಹಬೆಗೆ ಇನ್ನೊಂದು ದಾರಿ ಸಿಕ್ಕಿರುತ್ತದೆ. ನಿಮ್ಮ ಮನೆಯಲ್ಲಿ ಹೊರಮುಚ್ಚಳದ ಕುಕ್ಕರ್ ಇದ್ದರೆ ಈಗಲೇ ಎದ್ದು ಹೋಗಿ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಸಾಮಾನ್ಯವಾಗಿ ಆ ಸೀಳು ಸಿಗುತ್ತದೆ. ಅಜ್ಜಿಯ ಹಳೆ ಕುಕ್ಕರಿಗೆ ಅದು ಇರಲಿಲ್ಲ.

ಇಷ್ಟೆಲ್ಲ ಆದರೂ ಮನೆ ಬಳಕೆಯ ಕುಕ್ಕರಿಗೆ ಐಎಸ್ 2347 ಅನ್ನುವ ಮಾನದಂಡ ಕಡ್ಡಾಯವಾಗಿ ಜಾರಿಗೆ ಬಂದದ್ದು 2021ರ ಫೆಬ್ರವರಿ 1ರಿಂದ. ಅಂದರೆ ದೂರವಾಣಿನಗರದಲ್ಲಿ ಮೊದಲ ಕುಕ್ಕರ್ ತಯಾರಾಗಿ 60 ವರ್ಷ ದಾಟಿದ ಮೇಲೆ! ಕರೆಂಟಿನ ಸಾಮಾನುಗಳ ಕಡೆ ಸರ್ಕಾರ ಇದಕ್ಕಿಂತ ಮೊದಲೇ ಗಮನ ಕೊಟ್ಟಿತ್ತು. 2003ರ ಆದೇಶದಲ್ಲೇ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ಗೀಸರ್, ಕರೆಂಟ್ ಒಲೆ ಎಲ್ಲ ಸೇರಿದ್ದವು. ಬಕೆಟ್ಟಿನಲ್ಲಿ ರಾಡು ಇಟ್ಟು, ಸ್ವಿಚ್ ಆರಿಸದೆ ನೀರು ಮುಟ್ಟಿ ಶಾಕ್ ಹೊಡೆಸಿಕೊಂಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ, ಅಲ್ವಾ? ಆ ಆದೇಶ ಬೇಕೇ ಬೇಕಿತ್ತು. ಆದರೆ ತಲೆಯ ಮೇಲೆ ದಿನವಿಡೀ ತಿರುಗುವ ಸೀಲಿಂಗ್ ಫ್ಯಾನ್ ಮಾತ್ರ 2023ರ ಆಗಸ್ಟ್ ತನಕ ಕಾಯಬೇಕಾಯಿತು, ಆದೇಶ ಜಾರಿಗೆ ಬರಲು ಮತ್ತೂ ಆರು ತಿಂಗಳು. ಅದಕ್ಕೂ ಮೊದಲೇ, 2023ರ ಜನವರಿಯಿಂದ, ಫ್ಯಾನಿಗೆ ಕರೆಂಟ್ ಉಳಿತಾಯದ ಸ್ಟಾರ್ ಗುರುತು ಕಡ್ಡಾಯವಾಗಿತ್ತು. ಸುರಕ್ಷತೆಯ ಗುರುತಿಗಿಂತ ಉಳಿತಾಯದ ಗುರುತು ಮೊದಲು ಬಂತು. ಇದು ಸರಿಯಾದ ಕ್ರಮ ಅಂತ ನನಗೆ ಅನಿಸುವುದಿಲ್ಲ.

ಕಳೆದ ಹತ್ತು ವರ್ಷದಲ್ಲಿ ಈ ಆದೇಶಗಳು ಇದ್ದಕ್ಕಿದ್ದಂತೆ ಜಾಸ್ತಿಯಾದವು. ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ 2014ರ ತನಕ ಇಂಥ 14 ಆದೇಶಗಳಿದ್ದವು, ಅವುಗಳಡಿ 106 ವಸ್ತುಗಳು. ಆಮೇಲಿನ ಹತ್ತು ವರ್ಷಗಳಲ್ಲಿ ಆದೇಶಗಳು 150 ದಾಟಿದವು, ವಸ್ತುಗಳು 600 ದಾಟಿದವು. ಹೊರದೇಶದಿಂದ ಬರುವ ಅಗ್ಗದ ಮಾಲು ತಡೆಯುವುದೂ ಇದರ ಒಂದು ಉದ್ದೇಶ, ಅದನ್ನು ಮುಚ್ಚಿಡಬೇಕಾಗಿಲ್ಲ. ನೂಲು, ಪ್ಲಾಸ್ಟಿಕ್ ಕಾಳು, ರಾಸಾಯನಿಕಗಳಿಗೂ ಕಡ್ಡಾಯ ಮಾಡಿದಾಗ ಕಚ್ಚಾಮಾಲು ಸಿಗದೆ ಸಣ್ಣ ಕಾರ್ಖಾನೆಗಳು ಒದ್ದಾಡಿದವು, 2025ರ ನವೆಂಬರ್‌ನಲ್ಲಿ ಅಂಥ 14 ಆದೇಶಗಳನ್ನು ಸರ್ಕಾರ ವಾಪಸ್ ತೆಗೆದುಕೊಂಡಿತು. ಅದು ಒಳ್ಳೆಯದೇ ಆಯಿತು. ನೂಲಿನ ಉಂಡೆ ಯಾರ ಮನೆಯಲ್ಲೂ ಸಿಡಿಯುವುದಿಲ್ಲ. ಆಟಿಕೆ ವಿಷಯದಲ್ಲೂ ಹೀಗೇ ವಿವೇಚನೆ ತೋರಿಸಿದ್ದರು. 2021ರ ಜನವರಿಯಿಂದ ಆಟಿಕೆಗೆ ಗುರುತು ಕಡ್ಡಾಯ, ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಗೊಂಬೆಯಂಥ ಜಿಐ ಮಾನ್ಯತೆ (ಇದು ಇಂಥ ಊರಿನದೇ ವಿಶೇಷ ಅನ್ನುವ ಮಾನ್ಯತೆ) ಇರುವ ಆಟಿಕೆಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಕೊಟ್ಟರು. ಅರಗಿನ ಬಣ್ಣ ಹಚ್ಚಿ ಕೈಯಲ್ಲಿ ಗೊಂಬೆ ಮಾಡುವವರು ಮನೆಯಲ್ಲೇ ಲ್ಯಾಬ್ ಇಟ್ಟುಕೊಳ್ಳಲು ಆಗುತ್ತದಾ?

ಕಾಗದದ ಮೇಲೆ ಕಡ್ಡಾಯ ಆದ ತಕ್ಷಣ ಮಾರುಕಟ್ಟೆ ಬದಲಾಗುವುದಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಎರಡು ಆದೇಶ ಹೊರಡಿಸಿತು. ನಿಯಮಕ್ಕೆ ಹೊಂದದ 2,265 ಕುಕ್ಕರ್ ಅಮೆಜಾನ್ ಮೂಲಕ ಮಾರಾಟವಾಗಿದ್ದವು, ಫ್ಲಿಪ್‌ಕಾರ್ಟ್ ಮೂಲಕ 598. ಇಬ್ಬರಿಗೂ ತಲಾ 1 ಲಕ್ಷ ರೂಪಾಯಿ ದಂಡ, ಜೊತೆಗೆ ಕೊಂಡವರಿಗೆಲ್ಲ ತಿಳಿಸಿ, ಕುಕ್ಕರ್ ವಾಪಸ್ ತೆಗೆದುಕೊಂಡು ಹಣ ಕೊಡಬೇಕು ಅಂತ ಹೇಳಿತು. ಅಮೆಜಾನ್ ದೆಹಲಿ ಹೈಕೋರ್ಟಿಗೆ ಹೋಯಿತು. 1 ಲಕ್ಷ ಅವರಿಗೆ ಏನೂ ಅಲ್ಲ, ಆದರೆ ‘ನಾವು ಬರೀ ಮಾರುವ ಜಾಗ ಕೊಟ್ಟವರು’ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗದು ಅನ್ನುವುದು ಮುಖ್ಯ. 2025ರ ಮಾರ್ಚ್‌ನಲ್ಲಿ ಬಿಐಎಸ್ ದೆಹಲಿಯ ಒಂದು ಅಮೆಜಾನ್ ಗೋದಾಮಿಗೆ ನುಗ್ಗಿ ಗೀಸರ್, ಮಿಕ್ಸಿ ಸೇರಿ 3,500ಕ್ಕೂ ಹೆಚ್ಚು ಕರೆಂಟ್ ಸಾಮಾನು ಹಿಡಿಯಿತು. ಅವುಗಳ ಬೆಲೆ ಸುಮಾರು 70 ಲಕ್ಷ.

ಪೀಠೋಪಕರಣದ ಆದೇಶ ಬಂದದ್ದು 2025ರ ಫೆಬ್ರವರಿಯಲ್ಲಿ. ಕುರ್ಚಿ, ಮೇಜು, ಕಪಾಟು, ಮಂಚ ಇವಕ್ಕೆ ಐಎಸ್ 17631ರಿಂದ ಮುಂದಿನ ಸಂಖ್ಯೆಗಳ ಮಾನದಂಡಗಳಿವೆ. ಕುರ್ಚಿಯಿಂದ ಏನು ಅಪಾಯ ಅಂತ ಅನಿಸಬಹುದು. ಅಮೆರಿಕದಲ್ಲಿ ಡ್ರಾಯರ್ ಇರುವ ಕಪಾಟು ಮುಂದಕ್ಕೆ ಮಗುಚಿ ಚಿಕ್ಕ ಮಕ್ಕಳು ಸತ್ತರು, 2016ರಲ್ಲಿ ಪೀಠೋಪಕರಣ ಕಂಪನಿ ಐಕಿಯಾ 2.9 ಕೋಟಿ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. ಮಕ್ಕಳು ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಅದು ಎಲ್ಲ ದೇಶದ ಮಕ್ಕಳ ಬುದ್ಧಿ.

ಆದರೆ ನನಗೆ ಈ ಆದೇಶ ಮುಖ್ಯ ಅನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ವಸ್ತು ಹೊಸದಾಗಿದ್ದಾಗ ಹೇಗಿದೆ ಅಂತ ನೋಡಿ ಬಿಡುವುದಿಲ್ಲ. ಕುರ್ಚಿಯ ಸೀಟಿನ ಮೇಲೆ ಭಾರ ಹೇರಿ, ಎತ್ತಿ, ಮತ್ತೆ ಹೇರಿ, ಹೀಗೆ ಸಾವಿರಾರು ಸಲ ಮಾಡುತ್ತಾರೆ. ಬೆನ್ನೊರಗುವ ಭಾಗವನ್ನೂ ಹಾಗೇ ತಳ್ಳಿ ತಳ್ಳಿ ನೋಡುತ್ತಾರೆ. ವರ್ಷಗಟ್ಟಲೆ ಒಬ್ಬರು ಕೂತು ಎದ್ದರೆ ಆಗುವ ಸವೆತವನ್ನು ಲ್ಯಾಬಿನಲ್ಲಿ ಕೆಲವೇ ದಿನಗಳಲ್ಲಿ ಕಾಣುವ ಕೆಲಸ ಇದು. ಧ್ವಜದ ಬಣ್ಣಕ್ಕೆ 1951ರಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಈಗ ನಾವು ಕೂರುವ ಕುರ್ಚಿಗೂ ಕೇಳುತ್ತಿದ್ದಾರೆ: ಎಷ್ಟು ದಿನ ಬಾಳುತ್ತೀಯ?

ಮನೆಯ ಬೇರೆ ಸಾಮಾನುಗಳಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಿಸುತ್ತಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಮಿಕ್ಸಿ ಸರಿ ಇರುತ್ತದೆ. ಮೂರನೇ ವರ್ಷ ಅದರ ವೈರು ಗಟ್ಟಿಯಾಗಿ ಬಿರುಕು ಬಿಟ್ಟಾಗ, ಕಂಪನಿಯ ಬಿಡಿಭಾಗ ಸಿಗದೆ ಯಾವುದೋ ವೈರು ಸುತ್ತಿ ಟೇಪ್ ಹಚ್ಚಿದಾಗ, ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದುಹೋದರೂ ಸುಮ್ನೆ ಬಳಸಿದಾಗ ಏನಾಗುತ್ತದೆ? ಆ ಪಿನ್ ಉಳಿದೆರಡಕ್ಕಿಂತ ಉದ್ದ ಮಾಡಿರುವುದೇ ಕರೆಂಟ್ ಹರಿಯುವ ಮೊದಲು ಅರ್ಥಿಂಗ್ ಸಿಗಲಿ ಅಂತ. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಮನೆ ಸಾಮಾನು, ಮೊಬೈಲ್, ವಾಹನ, ಕೃಷಿ ಯಂತ್ರಗಳ ಕಂಪನಿಗಳು ಅಲ್ಲಿ ಬಿಡಿಭಾಗ, ರಿಪೇರಿ ಕೇಂದ್ರಗಳ ವಿವರ ಹಾಕಬೇಕು ಅನ್ನೋದು ಉದ್ದೇಶ. ಒಳ್ಳೆಯ ಹೆಜ್ಜೆ, ಆದರೆ ಕಡ್ಡಾಯದ ಬಲ ಅದಕ್ಕಿಲ್ಲ. ನಮ್ಮ ಮನೆ ಅಡುಗೆಮನೆಯಲ್ಲಿ ಸಿಡಿದದ್ದು ಬಿಡಿಭಾಗದಿಂದ. ಸುರಕ್ಷತೆಗೆ ಒಂದು ಕಾನೂನು, ಬಾಳಿಕೆಗೆ ಇನ್ನೊಂದು ಪೋರ್ಟಲ್ ಅಂತ ಬೇರೆ ಬೇರೆ ಇಟ್ಟರೆ ಸೈಕಲ್ ಮೇಲಿನ ಹದಿನೈದು ರೂಪಾಯಿ ವಾಲ್ವ್ ಆ ಎರಡರ ನಡುವೆ ನುಸುಳುತ್ತದೆ.

ಗುರುತು ಅಸಲಿಯೋ ಅಲ್ಲವೋ ನೋಡುವುದು ಈಗ ಸುಲಭ. ಐಎಸ್‌ಐ ಗುರುತಿನ ಮೇಲ್ಗಡೆ ಮಾನದಂಡದ ಸಂಖ್ಯೆ ಇರುತ್ತದೆ, ಕುಕ್ಕರಿಗಾದರೆ ಐಎಸ್ 2347. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಾರ್ಖಾನೆ, ಯಾವ ವಸ್ತು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಈ ಲೇಖನ ಬರೆಯುವಾಗ ಮನೆಯಲ್ಲಿದ್ದ ಗುರುತುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಕುಕ್ಕರ್ ಸರಿ ಇತ್ತು. ಇಸ್ತ್ರಿಪೆಟ್ಟಿಗೆ ಸರಿ ಇತ್ತು. ನೀರು ಕಾಯಿಸುವ ರಾಡಿನ ಸಂಖ್ಯೆ ಹಾಕಿದಾಗ ಪ್ಲಾಸ್ಟಿಕ್ ಪೈಪ್ ಮಾಡುವ ಯಾವುದೋ ಕಾರ್ಖಾನೆಯ ವಿವರ ಬಂತು. ಎರಡು ಸಲ ಹಾಕಿದೆ, ಎರಡು ಸಲವೂ ಅದೇ. ರಾಡಿನ ಫೋಟೋ, ಬಿಲ್ಲಿನ ಫೋಟೋ ಎರಡನ್ನೂ ಸೇರಿಸಿ ಅದೇ ಆ್ಯಪ್‌ನಲ್ಲಿ ದೂರು ಕೊಟ್ಟಿದ್ದೇನೆ. ರಾಡು ಈಗ ಅಟ್ಟದ ಮೇಲಿದೆ, ವೈರು ಕತ್ತರಿಸಿ ಇಟ್ಟಿದ್ದೇನೆ.