ಬಲೂನು ಸವಾರಿ: ಬುಟ್ಟಿ ನೆಲ ಮುಟ್ಟಿದ ಮೇಲೆ ಏನು?

ಹೋದ ವಾರ ಧಾರವಾಡದ ನಮ್ಮ ರೂಮಿನಲ್ಲಿ ಪ್ರವಾಸೋದ್ಯಮದ ಈ ಪಾಠ ಓದಿದೆವು. ಎಲ್ಲರ ನೋಟ್‌ಬುಕ್ಕಿನಲ್ಲೂ ಬಲೂನಿನ ಗಾಳಿ ಕಾಯಿಸುವ ಬರ್ನರ್ ಚಿತ್ರ ಚೆಂದ ಇತ್ತು. ಆದರೆ ಬುಟ್ಟಿ ನೆಲ ಮುಟ್ಟಿದ ಕೂಡಲೇ ಪ್ರಯಾಣಿಕರು ಇಳಿಯಬಹುದೇ ಅಂತ ಕೇಳಿದರೆ ಅರ್ಧ ಜನ ಹೌದು ಅಂದರು. "ನೆಲಾ ಹತ್ತೇತಲ್ಲೋ, ಇಳದ್ರ ಏನಾಗ್ತದ?" ಅಂದ ಒಬ್ಬ.

ಏನಾಗುತ್ತೆ ಅಂತ ಲೆಕ್ಕ ಹಾಕೋಣ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯ ಚಳಿ ಬೆಳಗಿನಲ್ಲಿ, ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.22 ಕಿಲೋ. 100 ಡಿಗ್ರಿಗೆ ಕಾಯಿಸಿದರೆ ಗಾಳಿ ಹಿಗ್ಗಿ, ಅಷ್ಟೇ ಜಾಗದಲ್ಲಿ ಉಳಿಯುವುದು 0.95 ಕಿಲೋ. ಈ ಕಾಲು ಕಿಲೋ ಚಿಲ್ಲರೆ ವ್ಯತ್ಯಾಸವೇ ಬಲೂನನ್ನು ಎತ್ತುವುದು. 70 ಕಿಲೋದ ಒಬ್ಬರನ್ನು ಎತ್ತಲು ಸುಮಾರು 250 ಘನ ಮೀಟರ್ ಬಿಸಿಗಾಳಿ ಬೇಕು. ನಮ್ಮ ರೂಮು ಉದ್ದ, ಅಗಲ, ಎತ್ತರ ಎಲ್ಲ ಹತ್ತತ್ತು ಅಡಿ. ಅಂಥ ಒಂಬತ್ತು ರೂಮು!

ಈಗ ಒಬ್ಬರು ಹಾರಿ ಇಳಿದರು ಅನ್ನಿ. ಒಂಬತ್ತು ರೂಮಿನ ಬಿಸಿಗಾಳಿಗೆ ಒಮ್ಮೆಲೇ ಹೊರೆ ಇಲ್ಲ. ತಕ್ಕಡಿಯಿಂದ ಕಲ್ಲು ತೆಗೆದ ಹಾಗೆ, ಬುಟ್ಟಿ ಉಳಿದವರನ್ನು ಹೊತ್ತು ಮೇಲೇಳುತ್ತದೆ.

2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಹೀಗೇ ಆಯಿತು. ಇಳಿಯುವ ಹೊತ್ತಿಗೆ ಬೆಂಕಿ ಹತ್ತಿತು. ಪೈಲಟ್ ಮತ್ತು ಒಬ್ಬ ಪ್ರಯಾಣಿಕ ಜಿಗಿದು ಬದುಕಿದರು. ಭಾರ ಇಳಿಯಿತು, ಬೆಂಕಿಯ ಕಾವೂ ಸೇರಿತು, ಬಲೂನು ಮೇಲೇರಿತು. 21 ಜನರಲ್ಲಿ 19 ಮಂದಿ ಸತ್ತರು. 2025ರ ಜೂನ್ 21ರಂದು ಬ್ರೆಜಿಲ್‌ನ ಪ್ರಾಯಾ ಗ್ರಾಂಡಿಯಲ್ಲೂ ಬುಟ್ಟಿಗೆ ಬೆಂಕಿ ಬಿತ್ತು. ನೆಲದ ಹತ್ತಿರ ಬಂದಾಗ 13 ಜನ ಜಿಗಿದರು, ಉಳಿದ 8 ಜನ ಮೇಲೆ ಹೋಗಿ ಸತ್ತರು. ಜಿಗಿದವರದು ತಪ್ಪು ಅಂತ ನಾನು ಹೇಳುತ್ತಿಲ್ಲ. ಉರಿಯುವ ಬುಟ್ಟಿಯಲ್ಲಿ ಯಾರು ತಾನೇ ನಿಲ್ಲುತ್ತಾರೆ? ಆದರೆ ಬೆಂಕಿ ಇಲ್ಲದ ಮಾಮೂಲಿ ದಿನವೂ ಈ ಲೆಕ್ಕ ಬದಲಾಗಲ್ಲ.

ಬೆಳಗಿನ ಜಾವವೇ ಯಾಕೆ ಹಾರಿಸುತ್ತಾರೆ ಅನ್ನುವುದಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಅದೇ ಒಬ್ಬರಿಗೆ ಹದಿಮೂರು ರೂಮು ಬೇಕು. ಇನ್ನರ್ಧ ಉತ್ತರ ಗಾಳಿ. ಬಿಸಿಲೇರಿದರೆ ಅಣ್ಣಿಗೇರಿ ಕಡೆಯ ಎರೆ ಹೊಲ ಕಾದು ಗಾಳಿ ಏಳುತ್ತದೆ. ಬಲೂನಿಗೆ ಸ್ಟೇರಿಂಗ್ ಇಲ್ಲ, ಪೈಲಟ್ ಕೈಯಲ್ಲಿರುವುದು ಏರುವುದು, ಇಳಿಯುವುದು ಅಷ್ಟೇ. ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದ್ದೀರಲ್ವಾ? ಅವುಗಳಿಗೆ ಒಳ್ಳೆಯ ದಿನ ಅಂದರೆ ಬಲೂನಿಗೆ ರಜೆ.

ಕರೆಂಟ್ ತಂತಿಯದು ಇನ್ನೊಂದು ಭಯ. 2012ರಲ್ಲಿ ನ್ಯೂಜಿಲೆಂಡಿನ ಕಾರ್ಟರ್ಟನ್‌ನಲ್ಲಿ 11 ಜನ, 2016ರಲ್ಲಿ ಅಮೆರಿಕದ ಲಾಕ್‌ಹಾರ್ಟ್‌ನಲ್ಲಿ 16 ಜನ ಸತ್ತದ್ದು ತಂತಿಯಿಂದಲೇ. ತಂತಿ ತಪ್ಪಿಸಲು ಆಗದಿದ್ದರೆ ಬರ್ನರ್ ಹಾಕಿ ಮೇಲೇರಬಾರದು, ಬೇಗ ಕೆಳಗಿಳಿಯಬೇಕು. ಆಗ ತಂತಿಗೆ ತಗಲುವುದು ಮೇಲಿನ ಬಲೂನಿನ ಬಟ್ಟೆ, ಜನರಿರುವ ಬುಟ್ಟಿಯಲ್ಲ. ಇದು ಪೈಲಟ್ ಕೆಲಸ, ಆದರೂ ಪರೀಕ್ಷೆಗೆ ಬೇಕು.

ಪ್ರಯಾಣಿಕರ ಕೆಲಸ ಇಳಿಯುವಾಗ ನಿಲ್ಲುವ ಭಂಗಿ. ಬುಟ್ಟಿ ಹೋಗುತ್ತಿರುವ ದಿಕ್ಕಿಗೆ ಬೆನ್ನು ಮಾಡಿ ಒರಗಬೇಕು, ಒಳಗಿನ ಹಿಡಿಕೆ ಹಿಡಿಯಬೇಕು, ಮೊಣಕಾಲು ಸ್ವಲ್ಪ ಮಡಚಬೇಕು. ಫೋನು ಜೇಬಿನಲ್ಲಿ. ಚಿಗರಿ ಬಸ್ಸಿನಲ್ಲಿ ಕಾಲು ಸೆಟೆದು ನಿಂತಾಗ ಬ್ರೇಕ್ ಬಿದ್ದರೆ ಏನಾಗುತ್ತೆ? ನಾನು ನವನಗರದ ಹತ್ತಿರ ಒಮ್ಮೆ ಒಬ್ಬರು ಅಜ್ಜಾರ ಮಡಿಲಲ್ಲೇ ಕೂತಿದ್ದೆ. ಬುಟ್ಟಿಯಾದರೆ ಒಮ್ಮೊಮ್ಮೆ ಮಗ್ಗುಲಿಗೆ ಬಿದ್ದು ಎಳೆದುಕೊಂಡೂ ಹೋಗುತ್ತದೆ. ಆಗಲೂ ಕೈಕಾಲು ಒಳಗೇ ಇರಬೇಕು.

ನಿಂತ ಮೇಲೂ ಬಟ್ಟೆಯೊಳಗೆ ಬಿಸಿಗಾಳಿ ಉಳಿದಿರುತ್ತದೆ. ಪೈಲಟ್ ಮೇಲಿನ ಕಿಂಡಿಯ ಹಗ್ಗ ಎಳೆದು ಅದನ್ನು ಬಿಡಬೇಕು, ಆಮೇಲೆ ಹೆಸರು ಕರೆದಾಗ ಇಳಿಯಬೇಕು. ಬಲೂನಿನ ಗಾಳಿ ಬಿಡದೆ ಮುಂದಿನ ಸವಾರಿಗೆ ಜನ ಬದಲಿಸುವುದಾದರೆ, ಒಬ್ಬರು ಹತ್ತಿದ ಮೇಲೆ ಒಬ್ಬರು ಇಳಿಯಬೇಕು. ಪ್ರಶ್ನೆ ಕೇಳಿದ ಆ ಗೆಳೆಯ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾನೆ.