ಬೆಂಗಳೂರಿಗೆ ಹೊರಟ ಬೆಕ್ಕಿಗೆ ನಿದ್ದೆ ಮಾತ್ರೆ ಕೊಡಬಹುದೇ?

ಪ್ರಶ್ನೆ: ನಮ್ಮ ಬೆಕ್ಕು ಬಹಳ ಪುಕ್ಕಲು. ಮುಂದಿನ ತಿಂಗಳು ದಾವಣಗೆರೆಯ ಮನೆ ಖಾಲಿ ಮಾಡಿ ಕಾರಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದೇವೆ. ದಾರಿಯುದ್ದಕ್ಕೂ ಮಲಗಿರಲು ಯಾವ ಮಾತ್ರೆ ಕೊಡಬೇಕು? ಎಷ್ಟು ಕೊಡಬೇಕು?

ಶಾಲೆಗಳಿಗೆ ಬೇಸಿಗೆ ರಜೆ ಬಿದ್ದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ವಿದ್ಯಾನಗರದವರು ಕೇಳುತ್ತಾರೆ, ಪಿ.ಜೆ. ಬಡಾವಣೆಯವರು ಕೇಳುತ್ತಾರೆ, ಚಿತ್ರದುರ್ಗದಿಂದ ಫೋನ್ ಮಾಡಿಯೂ ಕೇಳುತ್ತಾರೆ. ಬೆಕ್ಕು ಮಲಗಲೇಬೇಕು ಎಂದು ಕೇಳುವವರು ಮೊದಲೇ ತೀರ್ಮಾನಿಸಿರುತ್ತಾರೆ, ಮಾತ್ರೆಯ ಹೆಸರೊಂದನ್ನು ನನ್ನ ಬಾಯಿಂದ ಕೇಳುವುದಷ್ಟೇ ಬಾಕಿ. ಪಶುವೈದ್ಯನಾಗಿ ಪ್ರತಿಯೊಬ್ಬರಿಗೂ ಒಂದೇ ಉತ್ತರ ಹೇಳಿ ಸಾಕಾಗಿದೆ. ಈ ಸಲ ಕಾರಣ ಸಮೇತ ಬರೆದುಬಿಡುತ್ತೇನೆ: ಮನೆಯ ಔಷಧದ ಡಬ್ಬಿಯಿಂದ ಬೆಕ್ಕಿಗೆ ಏನನ್ನೂ ಕೊಡಬೇಡಿ. ಕಾಲು ಮಾತ್ರೆಯೂ ಬೇಡ, ಹಾಲಿಗೆ ಬೆರೆಸಿದ ಅರ್ಧ ಚಮಚ ಸಿರಪ್ಪೂ ಬೇಡ.

‘ಬೆಕ್ಕು ಚಿಕ್ಕ ಪ್ರಾಣಿ, ಮಕ್ಕಳಿಗೆ ಕೊಡುವುದರಲ್ಲಿ ಸ್ವಲ್ಪ ಕಡಿಮೆ ಮಾಡಿ ಕೊಟ್ಟರೆ ಆಯಿತು’ ಎಂಬ ಲೆಕ್ಕವೇ ತಪ್ಪು. ಮನುಷ್ಯನ ಯಕೃತ್ತು ಅನೇಕ ಔಷಧಗಳಿಗೆ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವಗಳಲ್ಲಿ ಮುಖ್ಯವಾದ ಒಂದು ಬೆಕ್ಕಿನ ದೇಹದಲ್ಲಿ ತಯಾರಾಗುವುದೇ ಇಲ್ಲ. ಅದನ್ನು ತಯಾರಿಸಬೇಕಾದ ಜೀನ್ ಬೆಕ್ಕಿನಲ್ಲಿದೆ, ಆದರೆ ನಿಷ್ಕ್ರಿಯವಾಗಿದೆ. ಆದ್ದರಿಂದ ನಮ್ಮ ಮೈಯಿಂದ ಕೆಲವೇ ಗಂಟೆಗಳಲ್ಲಿ ಹೊರಹೋಗುವ ಪ್ಯಾರಾಸಿಟಮಾಲ್ ಬೆಕ್ಕಿನ ಮೈಯಲ್ಲಿ ಉಳಿದು ವಿಷವಾಗುತ್ತದೆ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಒಂದು ಬೆಕ್ಕನ್ನು ಕೊಲ್ಲಲು 500 ಮಿಲಿಗ್ರಾಂನ ಒಂದೇ ಮಾತ್ರೆ ಸಾಕಾಗಬಹುದು. ‘ನಾವು ಕೊಟ್ಟದ್ದು ಪ್ಯಾರಾಸಿಟಮಾಲ್ ಅಲ್ಲ, ನೆಗಡಿ ಮಾತ್ರೆ, ಅದರಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ’ ಎನ್ನುವವರು ಆ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಬೇಕು. ಅಂಗಡಿಯಲ್ಲಿ ಸಿಗುವ ಅನೇಕ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಜೊತೆಗೆ ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧವೂ ಇರುತ್ತದೆ, ಅದು ಮೊದಲೇ ಬಡಿದುಕೊಳ್ಳುತ್ತಿರುವ ಬೆಕ್ಕಿನ ಎದೆಯನ್ನು ಇನ್ನಷ್ಟು ಓಡಿಸುತ್ತದೆ.

ಇನ್ನು ಹಿರಿಯರಿಗೆಂದು ತಂದ ನಿದ್ದೆ ಮಾತ್ರೆ. ಡಯಾಜೆಪಾಮ್ ಅನ್ನು ಬಾಯಿ ಮೂಲಕ ಕೊಟ್ಟಾಗ ಕೆಲವು ಬೆಕ್ಕುಗಳ ಯಕೃತ್ತು ಕೆಲವೇ ದಿನಗಳಲ್ಲಿ ಸಂಪೂರ್ಣ ಕೈಕೊಟ್ಟ ಉದಾಹರಣೆಗಳು ಪಶುವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿವೆ. ಯಾವ ಬೆಕ್ಕಿಗೆ ಹಾಗಾಗುತ್ತದೆ ಎಂದು ಮೊದಲೇ ಗುರುತಿಸುವ ದಾರಿಯಿಲ್ಲ. ‘ನಮ್ಮ ಅಕ್ಕನ ಮನೆಯ ಬೆಕ್ಕಿಗೆ ಕೊಟ್ಟಿದ್ದರು, ಏನೂ ಆಗಲಿಲ್ಲ’ ಎಂಬ ಮಾತಿಗೆ ನಾನು ಬೆಲೆ ಕೊಡದಿರುವುದು ಇದಕ್ಕೇ. ಅಕ್ಕನ ಬೆಕ್ಕು ಬದುಕಿತು, ಸಂತೋಷ. ನಿಮ್ಮ ಬೆಕ್ಕಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ‘ಹಾಗಾದರೆ ಪ್ರಾಣಿಗಳದ್ದೇ ನಿದ್ದೆ ಔಷಧ ಕೊಡಿ’ ಎಂಬ ಪಟ್ಟು ಸಡಿಲುವುದಿಲ್ಲ. ಹಿಂದೆ ಇದಕ್ಕಾಗಿ ಹೆಚ್ಚು ಬಳಕೆಯಲ್ಲಿದ್ದುದು ಏಸ್‌ಪ್ರೊಮಾಜಿನ್. ಅದು ಮೈಯನ್ನು ಸೋಲಿಸುತ್ತದೆ, ಹೆದರಿಕೆಯನ್ನು ತೆಗೆಯುವುದಿಲ್ಲ. ಬೆಕ್ಕು ಅಲುಗಾಡದೆ ಬಿದ್ದಿರುತ್ತದೆ, ಹಾರ್ನ್ ಕೇಳಿಸುತ್ತಲೇ ಇರುತ್ತದೆ, ಲಾರಿ ಪಕ್ಕದಲ್ಲಿ ಹಾದುಹೋಗುವುದು ತಿಳಿಯುತ್ತಲೇ ಇರುತ್ತದೆ. ಹೆದರಿದವನ ಕೈಕಾಲು ಕಟ್ಟಿ ಬಾಯಿಗೆ ಬಟ್ಟೆ ತುರುಕಿ, ‘ನೋಡಿ, ಎಷ್ಟು ಸಮಾಧಾನವಾಗಿದ್ದಾನೆ’ ಎಂದಂತೆ ಇದು. ಮೇಲಾಗಿ ಆ ಔಷಧ ರಕ್ತದೊತ್ತಡವನ್ನು ಇಳಿಸುತ್ತದೆ, ಮೈಯ ಶಾಖವನ್ನು ಹತೋಟಿಯಲ್ಲಿಡುವ ಶಕ್ತಿಯನ್ನೂ ಕುಂದಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಇಳಿಯುವಾಗಿನ ಬಿಸಿಲು ನಿಮಗೆ ಗೊತ್ತಿದೆ.

ನಿಮ್ಮ ಬೆಕ್ಕಿಗೆ ನಿದ್ದೆಗಿಂತ ಹೆಚ್ಚಾಗಿ ಬೇಕಾಗಿರುವುದು ಧೈರ್ಯ. ಪರೀಕ್ಷೆಗೆಂದು ಬೆಕ್ಕನ್ನು ನನ್ನ ಸ್ಟೀಲ್ ಮೇಜಿನ ಮೇಲೆ ಇಟ್ಟು ಎತ್ತಿದಾಗ ಅಲ್ಲಿ ನಾಲ್ಕು ಒದ್ದೆ ಗುರುತುಗಳು ಉಳಿಯುತ್ತವೆ. ಅನೇಕರು ಮೂತ್ರ ಎಂದುಕೊಂಡು ಒರೆಸಲು ಬಟ್ಟೆ ಹುಡುಕುತ್ತಾರೆ. ಅದು ಬೆವರು. ಬೆಕ್ಕು ಬೆವರುವುದು ಅಂಗಾಲಿನಲ್ಲಿ, ಹೆದರಿಕೆ ಹೆಚ್ಚಾದಷ್ಟೂ ಗುರುತು ದೊಡ್ಡದು. ಕಿವಿ ತಲೆಗೆ ಅಂಟಿರುತ್ತದೆ, ಕಣ್ಣಿನ ಹಸಿರು ಕಾಣದಷ್ಟು ಪಾಪೆ ಅಗಲವಾಗಿರುತ್ತದೆ. ಬೆಕ್ಕಿಗೆ ತನ್ನ ಜಗತ್ತು ವಾಸನೆಯಿಂದ ಗೊತ್ತು. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜಿ ಗುರುತು ಹಾಕಿಟ್ಟ ಮನೆಯನ್ನು ಬಿಟ್ಟು, ಪೆಟ್ರೋಲ್ ಮತ್ತು ರೆಕ್ಸಿನ್ ವಾಸನೆಯ ಅಲುಗಾಡುವ ಡಬ್ಬಿಯೊಳಗೆ ಬಂದಾಗ ಅದಕ್ಕೆ ಪರಿಚಯದ್ದು ಒಂದೂ ಉಳಿದಿರುವುದಿಲ್ಲ. ಪರಿಚಯದ್ದನ್ನು ಒಂದಿಷ್ಟು ಕಾರಿನೊಳಗೂ ತರುವುದೇ ಇದಕ್ಕೆ ಮದ್ದು.

ಹಾಗಾಗಿ ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನಿಂದಲೂ ಬಾಗಿಲು ತೆರೆಯುವ ಪೆಟ್ಟಿಗೆಯನ್ನು ಇವತ್ತೇ ತನ್ನಿ. ಗೋಣಿಚೀಲ, ರಟ್ಟಿನ ಪೆಟ್ಟಿಗೆ ಬೇಡ. ಹೊರಡಲು ಇನ್ನೂ ಒಂದು ತಿಂಗಳು ಇದೆಯಲ್ಲ, ಅದು ಬೇಕಾದಷ್ಟಾಯಿತು. ಬಾಗಿಲು ತೆರೆದು ಬೆಕ್ಕು ಮಲಗುವ ಜಾಗದಲ್ಲೇ ಇಡಿ, ಒಳಗೆ ಅದು ಮಲಗಿ ಮಲಗಿ ಕೂದಲು ಹಿಡಿದ ಹಳೆಯ ಬಟ್ಟೆಯನ್ನು ಹಾಸಿ. ಆ ಬಟ್ಟೆಯನ್ನು ಒಗೆಯಬೇಡಿ. ಊಟದ ತಟ್ಟೆಯನ್ನು ಮೊದಲು ಪೆಟ್ಟಿಗೆಯ ಪಕ್ಕ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಒಳಗೆ ಇಡಿ. ತಾನಾಗಿ ಒಳಗೆ ಹೋಗಿ ಮಲಗುವಂತಾದ ಮೇಲೆ ಬಾಗಿಲು ಹಾಕಿ ಕಾರಿನಲ್ಲಿಟ್ಟು ನಿಮ್ಮ ಬೀದಿಯಲ್ಲೇ ಒಂದು ಸುತ್ತು ಬನ್ನಿ. ಮತ್ತೊಂದು ದಿನ ಆನಗೋಡಿನವರೆಗೆ ಹೋಗಿ ಬನ್ನಿ. ಮರಳಿ ಬಂದ ಕೂಡಲೇ ಅದಕ್ಕೆ ಇಷ್ಟವಾದ ತಿಂಡಿ ಕೊಡಿ.

ಇಷ್ಟು ಮಾಡಿದರೂ ತೀರಾ ಹೆದರುವ ಬೆಕ್ಕುಗಳಿವೆ, ನಿಜ. ಅವಕ್ಕೆ ಆತಂಕವನ್ನೇ ತಗ್ಗಿಸುವ ಔಷಧಗಳಿವೆ. ಗ್ಯಾಬಪೆಂಟಿನ್ ಅನ್ನು ಪಶುವೈದ್ಯರು ಈಗ ಸಾಮಾನ್ಯವಾಗಿ ಬಳಸುತ್ತಾರೆ. ಅದೇ ಗುಂಪಿನ ಪ್ರೆಗಾಬಲಿನ್‌ನ ದ್ರವರೂಪಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಬೆಕ್ಕುಗಳ ಪ್ರಯಾಣದ ಭಯಕ್ಕೆಂದೇ ಒಪ್ಪಿಗೆ ಕೊಟ್ಟಿದೆ. ಕಾರಿನಲ್ಲಿ ಜೊಲ್ಲು ಸುರಿಸಿ ವಾಂತಿ ಮಾಡಿಕೊಳ್ಳುವ ಬೆಕ್ಕಿಗೆ ವಾಂತಿ ತಡೆಯುವ ಮದ್ದು ಬೇರೆ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಬೆಕ್ಕನ್ನು ತೂಗಿ, ಅದರ ಮೂತ್ರಪಿಂಡಗಳು ಹೇಗಿವೆ ಎಂದು ನೋಡಿದ ವೈದ್ಯರೇ ಅದನ್ನು ಹೇಳಬೇಕು. ಹೊರಡುವ ಮೊದಲು ಮನೆಯಲ್ಲಿರುವ ಒಂದು ದಿನ ಆ ಔಷಧ ಕೊಟ್ಟು ಬೆಕ್ಕು ಹೇಗಿರುತ್ತದೆ ಎಂದು ನೋಡಲೇಬೇಕು.

ಹೊರಡುವ ದಿನ ಬೆಳಗಿನ ಐದಕ್ಕೇ ಗಾಡಿ ಬಿಡಿ. ದೊಡ್ಡ ಬೆಕ್ಕಾದರೆ ಅದಕ್ಕೆ ಮೂರು ನಾಲ್ಕು ಗಂಟೆ ಮುಂಚಿನಿಂದ ಊಟ ಬೇಡ, ನೀರು ಇರಲಿ. ಪೆಟ್ಟಿಗೆಯನ್ನು ಮುಂದಿನ ಸೀಟಿನ ಹಿಂದೆ ಕೆಳಗೆ, ಜಾರದಂತೆ ಇಟ್ಟು, ಗಾಳಿಯಾಡುವಂತೆ ಒಂದು ಬದಿ ಬಿಟ್ಟು ತೆಳುವಾದ ಪಂಚೆಯನ್ನು ಹೊದಿಸಿ. ಅಳುತ್ತದೆ ಎಂದು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಹೆದರಿದ ಬೆಕ್ಕು ಬ್ರೇಕ್ ಪೆಡಲ್ಲಿನ ಅಡಿಗೆ ನುಗ್ಗಿದರೆ ಕಾರಿನಲ್ಲಿರುವ ಎಲ್ಲರ ಜೀವಕ್ಕೂ ಅಪಾಯ. ಟೋಲ್‌ನಲ್ಲಿ ಇಳಿಸಿದ ಗಾಜಿನಿಂದ ಹಾರಿದ ಬೆಕ್ಕನ್ನು ಆರು ಪಥದ ಹೆದ್ದಾರಿಯಲ್ಲಿ ಹುಡುಕಿ ತರುವುದು ಆಗದ ಮಾತು. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಹೊರಗಿಗಿಂತ ಸುಮಾರು 20 ಡಿಗ್ರಿ ಏರುತ್ತದೆ, ಅದರ ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಎರಡು ಬೆರಳು ಇಳಿಸಿಟ್ಟರೆ ಹೆಚ್ಚೇನೂ ವ್ಯತ್ಯಾಸವಾಗದು. ಬೆಕ್ಕು ಕೂಗಿದರೆ ಕೂಗಲಿ. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟರೆ ಮಾತ್ರ ಗಾಡಿ ನಿಲ್ಲಿಸಿ, ತಂಪು ಮಾಡಿ, ಹತ್ತಿರದ ಪಶುವೈದ್ಯರನ್ನು ಹುಡುಕಿ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಮನೆ ಖಾಲಿ ಮಾಡುವವರ ತಲೆಯಲ್ಲಿ ಅದು ಸುಳಿದಿರುತ್ತದೆ. ‘ನಾಯಿ ಮನುಷ್ಯರಿಗೆ ಅಂಟಿಕೊಳ್ಳುತ್ತದೆ, ಬೆಕ್ಕು ಮನೆಗೆ. ಇಲ್ಲೇ ಬಿಟ್ಟು ಹೋದರೆ ಸುಖವಾಗಿರುತ್ತದೆ’ ಎಂದು ಓಣಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂರು ದಿನದ ಮದುವೆಗೆ ಹೋಗುವವರಿಗೆ ಈ ಮಾತಿನ ಅರ್ಧ ಸರಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ದಿನಕ್ಕೆ ಎರಡು ಸಲ ಬಂದು ಊಟ ಹಾಕಿ ಮರಳಿನ ತಟ್ಟೆ ನೋಡುವಂತೆ ಹೇಳಿ ಹೋದರೆ ಬೆಕ್ಕು ಪ್ರಯಾಣದ ಕಷ್ಟವೇ ಇಲ್ಲದೆ ನೆಮ್ಮದಿಯಾಗಿರುತ್ತದೆ. ಆದರೆ ಶಾಶ್ವತವಾಗಿ ಹೋಗುವವರು ಬಿಟ್ಟುಹೋದ ಸಾಕುಬೆಕ್ಕು ಬೀದಿನಾಯಿಗಳ ಪಾಲಾಗುತ್ತದೆ. ಖಾಲಿ ಮನೆಯ ಬಾಗಿಲಲ್ಲಿ ಕೂತು ಸೊರಗಿದ ಬೆಕ್ಕುಗಳನ್ನು ಅಕ್ಕಪಕ್ಕದವರು ನನ್ನ ಬಳಿ ತಂದಿದ್ದಾರೆ. ಅವಕ್ಕೆ ಮನೆ ಉಳಿದಿತ್ತು, ಜನ ಇರಲಿಲ್ಲ.

ಆದ್ದರಿಂದ ಕರೆದುಕೊಂಡೇ ಹೋಗಿ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ ಸಾಕು. ಅದೇ ಹಳೆಯ ಬಟ್ಟೆ, ಹಳೆಯ ಮರಳಿನ ತಟ್ಟೆ, ಬಾಗಿಲು ತೆರೆದ ಪೆಟ್ಟಿಗೆ ಅಲ್ಲಿರಲಿ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ, ರಾತ್ರಿ ತಾನಾಗಿ ಬರುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಗಂಡುಬೆಕ್ಕು ತಟ್ಟೆಯಲ್ಲಿ ಕೂತು ತಿಣುಕಿದರೂ ಮೂತ್ರ ಬಾರದಿದ್ದರೆ ಮರುದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಆತಂಕದಿಂದ ಮೂತ್ರನಾಳ ಕಟ್ಟಿಕೊಂಡಿರಬಹುದು. ಎರಡು ಮೂರು ವಾರ ಹೊರಗೆ ಬಿಡಬೇಡಿ. ಬಾಡಿಗೆ ಮನೆ ಮೇಲಿನ ಮಹಡಿಯಲ್ಲಿದ್ದರೆ ಸಾಮಾನು ಇಳಿಸುವ ಮೊದಲೇ ಬಾಲ್ಕನಿಗೆ ಬಲೆ ಹಾಕಿಸಿ.